ಹನ್ನೆರಡನೆಯ ತರಗತಿಯಲ್ಲಿ ಅಂಕ ಕಡಿಮೆಯಾದವರಿಗೆ ರಕ್ಷಣಾ ಅಕಾಡೆಮಿಯ ದಾರಿ

ಹೈದರಾಬಾದಿನ ದಕ್ಷಿಣದ ಅಂಚಿನಲ್ಲಿರುವ ಶಂಶಾಬಾದ್, 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದಂದಿನಿಂದ ದೇಶಕ್ಕೆಲ್ಲ ಪರಿಚಿತವಾದ ಊರು. ನಗರದ ಉತ್ತರಕ್ಕಿರುವ ದುಂಡಿಗಲ್‌ನಲ್ಲಿ ವಾಯುಪಡೆಯ ಅಧಿಕಾರಿಗಳನ್ನು ತರಬೇತುಗೊಳಿಸುವ ವಾಯುಪಡೆ ಅಕಾಡೆಮಿ ಇದೆ. ಇಂತಹ ಪರಿಸರದಲ್ಲಿ ಬೆಳೆಯುವ ಮಕ್ಕಳಲ್ಲಿ ಸೇನಾಧಿಕಾರಿಯಾಗುವ ಹಂಬಲ ಮೂಡುವುದು ಸಹಜ. ಆದರೆ ಇಂಟರ್‌ಮೀಡಿಯೆಟ್ ಎರಡನೆಯ ವರ್ಷದ ಅಥವಾ ದ್ವಿತೀಯ ಪಿ.ಯು.ಸಿ.ಯ ಫಲಿತಾಂಶ ನಿರೀಕ್ಷೆಗಿಂತ ಕೆಳಗಿಳಿದಾಗ, ‘ಇಷ್ಟು ಅಂಕಕ್ಕೆ ಅಕಾಡೆಮಿ ಎಲ್ಲಿಯ ಮಾತು’ ಎಂದು ಅನೇಕರು ಅರ್ಜಿಯನ್ನೇ ಸಲ್ಲಿಸುವುದಿಲ್ಲ. ಈ ನಿರ್ಧಾರಕ್ಕೆ ಬರುವ ಮುನ್ನ ನಿಯಮಗಳನ್ನು ತಿಳಿಯುವುದು ಅವಶ್ಯ.

ಅಂಕಗಳಿಗೆ ಇರುವ ಸ್ಥಾನ

ಪುಣೆಯ ಸಮೀಪದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಕ್ಕೆ ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುತ್ತದೆ. ಹೈದರಾಬಾದ್ ಇದರ ಕೇಂದ್ರಗಳಲ್ಲೊಂದು. ಈ ಪ್ರವೇಶಕ್ಕೆ ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು. ಶೇಕಡಾ ಇಷ್ಟೇ ಅಂಕ ಇರಬೇಕೆಂಬ ನಿಬಂಧನೆ ಇಲ್ಲ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ 600, ಸೇವಾ ಆಯ್ಕೆ ಮಂಡಳಿಯ ಪರೀಕ್ಷೆ ಮತ್ತು ಸಂದರ್ಶನಕ್ಕೆ 900, ಹೀಗೆ ಒಟ್ಟು 1,800 ಅಂಕಗಳ ಆಧಾರದ ಮೇಲೆ ಅರ್ಹತಾ ಪಟ್ಟಿ ಸಿದ್ಧವಾಗುತ್ತದೆ. ಶಾಲೆಯ ಅಂಕಗಳನ್ನು ಇದಕ್ಕೆ ಕೂಡಿಸುವುದಿಲ್ಲ.

ಅಂಕಗಳಿಗಿಂತ ಓದಿದ ವಿಷಯಗಳು ಇಲ್ಲಿ ಮುಖ್ಯ. ಭೂಸೇನಾ ವಿಭಾಗಕ್ಕೆ ಯಾವುದೇ ವಿಷಯಗಳಲ್ಲಿ ತೇರ್ಗಡೆಯಾದವರು ಅರ್ಹರು. ವಾಯುಪಡೆ ಮತ್ತು ನೌಕಾ ವಿಭಾಗಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಅಗತ್ಯ. ಆದುದರಿಂದ ವಾಣಿಜ್ಯ ಅಥವಾ ಕಲಾ ವಿಷಯಗಳನ್ನು ಓದಿದವರಿಗೆ ಭೂಸೇನೆಯ ಬಾಗಿಲು ಮಾತ್ರ ತೆರೆದಿರುತ್ತದೆ. 2021ರ ಸರ್ವೋಚ್ಚ ನ್ಯಾಯಾಲಯದ ಆದೇಶದ ನಂತರ ಯುವತಿಯರೂ ಪರೀಕ್ಷೆ ಬರೆಯುತ್ತಿದ್ದು, ಅವರ ಮೊದಲ ತಂಡ 2022ರಲ್ಲಿ ಅಕಾಡೆಮಿಯನ್ನು ಸೇರಿತು.

ಅಂಕಗಳು ಅಡ್ಡಿಯಾಗುವ ಕಡೆಗಳು

ಎಲ್ಲ ಪ್ರವೇಶಗಳೂ ಹೀಗಿಲ್ಲ. ಭೂಸೇನೆಯ 10+2 ತಾಂತ್ರಿಕ ಪ್ರವೇಶ ಯೋಜನೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಒಟ್ಟು ಶೇ. 60 ಅಂಕ ಬೇಕು. ನೌಕಾಪಡೆಯ 10+2 ಬಿ.ಟೆಕ್. ಪ್ರವೇಶಕ್ಕೆ ಇದೇ ವಿಷಯಗಳಲ್ಲಿ ಶೇ. 70 ಹಾಗೂ ಇಂಗ್ಲಿಷಿನಲ್ಲಿ ಶೇ. 50 ಬೇಕು. ಇವೆರಡಕ್ಕೂ ಜೆ.ಇ.ಇ. ಮೇನ್ ಪರೀಕ್ಷೆಯನ್ನು ಬರೆದಿರಬೇಕು. ಪದವಿಯ ನಂತರ ವಾಯುಪಡೆಯ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಹಾರಾಟ ಶಾಖೆ ಸೇರಬಯಸುವವರಿಗೆ ಹನ್ನೆರಡನೆಯ ತರಗತಿಯ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ತಲಾ ಶೇ. 50 ಇರಲೇಬೇಕು. ಇಂದಿನ ಅಂಕಪಟ್ಟಿ ನಾಲ್ಕಾರು ವರ್ಷಗಳ ನಂತರವೂ ಪರಿಶೀಲನೆಗೆ ಬರುತ್ತದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಅಂಕ ಉತ್ತಮಪಡಿಸಿಕೊಳ್ಳುವ ಅವಕಾಶ

ತೆಲಂಗಾಣದ ಇಂಟರ್‌ಮೀಡಿಯೆಟ್ ಮಂಡಳಿಯು ಮುಖ್ಯ ಪರೀಕ್ಷೆಯ ತರುವಾಯ ಸಪ್ಲಿಮೆಂಟರಿ ಪರೀಕ್ಷೆಯನ್ನು ನಡೆಸುತ್ತದೆ. ಅನುತ್ತೀರ್ಣರಾದವರು ವರ್ಷ ಕಳೆದುಕೊಳ್ಳದೆ ತೇರ್ಗಡೆಯಾಗಬಹುದು. ಕರ್ನಾಟಕದಲ್ಲಿ 2024ರಿಂದ ದ್ವಿತೀಯ ಪಿ.ಯು.ಸಿ.ಗೆ ಮೂರು ಪರೀಕ್ಷೆಗಳ ವ್ಯವಸ್ಥೆ ಜಾರಿಗೆ ಬಂದಿದ್ದು, ಹೆಚ್ಚಿನ ಅಂಕಗಳನ್ನು ಉಳಿಸಿಕೊಳ್ಳಬಹುದಾಗಿದೆ.

ಇಲ್ಲಿ ಕಾಲದ ಲೆಕ್ಕ ಮುಖ್ಯ. ಹನ್ನೆರಡನೆಯ ತರಗತಿಯಲ್ಲಿ ಓದುತ್ತಿರುವವರೂ ಆಯೋಗದ ಪರೀಕ್ಷೆ ಬರೆಯಬಹುದು. ಆದರೆ ಅಧಿಸೂಚನೆಯಲ್ಲಿ ತಿಳಿಸಿದ ದಿನಾಂಕದೊಳಗೆ ತೇರ್ಗಡೆಯ ಪ್ರಮಾಣವನ್ನು ಒದಗಿಸಬೇಕು. ಫಲಿತಾಂಶ ತಡವಾಯಿತೆಂಬ ಕಾರಣಕ್ಕೆ ಈ ಗಡುವನ್ನು ವಿಸ್ತರಿಸಲಾಗುವುದಿಲ್ಲ. ಸಪ್ಲಿಮೆಂಟರಿ ಪರೀಕ್ಷೆಯನ್ನು ನೆಚ್ಚಿರುವವರು ಅದರ ಫಲಿತಾಂಶ ಈ ಗಡುವಿಗೆ ಮುನ್ನ ಕೈಸೇರುವುದೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ದುರ್ಬಲ ಅಂಕದ ಮೂಲ

ಅಂಕಪಟ್ಟಿಗೆ ನೇರ ಮಹತ್ವವಿಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಗಣಿತದ 120 ಪ್ರಶ್ನೆಗಳನ್ನು ಎರಡೂವರೆ ಗಂಟೆಗಳಲ್ಲಿ ಉತ್ತರಿಸಬೇಕು. ಇವು ಹೆಚ್ಚಾಗಿ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳ ಪಾಠಗಳನ್ನೇ ಆಧರಿಸಿರುತ್ತವೆ. ತಪ್ಪು ಉತ್ತರವೊಂದಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಳೆಯುತ್ತಾರೆ. ಅಂಕ ಇಳಿದುದು ಯಾವ ಅಧ್ಯಾಯಗಳಿಂದ ಎಂಬುದನ್ನು ಗುರುತಿಸಿ ಅಲ್ಲಿಂದಲೇ ಓದು ಆರಂಭಿಸುವುದು ಲೇಸು. ಪ್ರಶ್ನೆಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುವುದರಿಂದ, ಕನ್ನಡ ಅಥವಾ ತೆಲುಗು ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಮುಂಚಿತವಾಗಿ ರೂಢಿಸಿಕೊಳ್ಳಬೇಕು.

ಸಂದರ್ಶನದಲ್ಲಿ ನೇರ ಉತ್ತರ

ಲಿಖಿತ ಪರೀಕ್ಷೆಯಲ್ಲಿ ಅರ್ಹರಾದವರು ಬೆಂಗಳೂರು, ಮೈಸೂರು ಮೊದಲಾದ ಕಡೆಗಳಲ್ಲಿರುವ ಆಯ್ಕೆ ಮಂಡಳಿಗಳ ಮುಂದೆ ಹಾಜರಾಗುತ್ತಾರೆ. ಅಲ್ಲಿ ಭರ್ತಿ ಮಾಡುವ ಸ್ವವಿವರದ ನಮೂನೆಯಲ್ಲಿ ಶಾಲಾ ಅಂಕಗಳನ್ನೂ ಬರೆಯಬೇಕು. ಹತ್ತನೆಯ ತರಗತಿಯಲ್ಲಿ ಉತ್ತಮವಾಗಿದ್ದ ಅಂಕ ಹನ್ನೆರಡರಲ್ಲಿ ಇಳಿದಿದ್ದರೆ, ಕಾರಣ ಕೇಳುವುದು ಸ್ವಾಭಾವಿಕ. ಅಧ್ಯಾಪಕರನ್ನೋ ಮನೆಯವರನ್ನೋ ದೂರುವುದರಿಂದ ಪ್ರಯೋಜನವಿಲ್ಲ. ಆದ ತಪ್ಪೇನು, ಅದನ್ನು ಸರಿಪಡಿಸಲು ಕೈಗೊಂಡ ಕ್ರಮವೇನು ಎಂಬೆರಡನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅನಾರೋಗ್ಯ ಅಥವಾ ಮನೆಯ ತೊಂದರೆ ನಿಜವಾದ ಕಾರಣವಾಗಿದ್ದರೆ ಸಂಕೋಚವಿಲ್ಲದೆ ತಿಳಿಸಬಹುದು. ಹೊಣೆಗಾರಿಕೆಯ ಅರಿವು, ಆತ್ಮವಿಶ್ವಾಸ ಮುಂತಾದ ಗುಣಗಳನ್ನು ಅಳೆಯುವ ಮಂಡಳಿಗೆ ಇಂತಹ ಉತ್ತರವೂ ಒಂದು ಸಾಕ್ಷಿ. ಅಂಕಗಳನ್ನು ತಿದ್ದಿ ಬರೆಯುವುದು ಅನರ್ಹತೆಗೆ ದಾರಿ.

ಉಳಿದ ದಾರಿಗಳು

ಪ್ರವೇಶಕ್ಕೆ ವಯೋಮಿತಿ ಸುಮಾರು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷ. ವರ್ಷಕ್ಕೆ ಎರಡು ಪರೀಕ್ಷೆಗಳಿರುವುದರಿಂದ ಹದಿನೇಳರ ವಿದ್ಯಾರ್ಥಿಗೆ ಮತ್ತೆ ಪ್ರಯತ್ನಿಸಲು ಕಾಲಾವಕಾಶ ಉಂಟು. ಈ ವಯಸ್ಸು ದಾಟಿದರೂ, ಪದವೀಧರರಿಗೆ ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್ ಪರೀಕ್ಷೆಯ ಮೂಲಕ ಡೆಹರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಮತ್ತು ದುಂಡಿಗಲ್‌ನ ವಾಯುಪಡೆ ಅಕಾಡೆಮಿಗಳನ್ನು ಸೇರುವ ಅವಕಾಶವಿದೆ. ಅಲ್ಲಿಯೂ ಹನ್ನೆರಡನೆಯ ತರಗತಿಗೆ ಕನಿಷ್ಠ ಶೇಕಡಾವಾರು ಅಂಕವನ್ನು ವಿಧಿಸಿಲ್ಲ; ಆದರೆ ವಾಯುಪಡೆಗೆ ಸೇರಬಯಸುವ ಇತರ ಪದವೀಧರರು ಹನ್ನೆರಡರಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಓದಿರಬೇಕು, ಎಂಜಿನಿಯರಿಂಗ್ ಪದವೀಧರರೂ ಅರ್ಹರು.

ಪೋಷಕರು ಫಲಿತಾಂಶದ ದಿನ ಮಕ್ಕಳನ್ನು ನಿಂದಿಸದೆ, ಅವರೊಡನೆ ಕುಳಿತು ಆ ವರ್ಷದ ಅಧಿಸೂಚನೆಯನ್ನು ಓದಿ ವಯಸ್ಸು, ವಿಷಯ ಮತ್ತು ಕೊನೆಯ ದಿನಾಂಕಗಳನ್ನು ಗುರುತು ಹಾಕಿಕೊಳ್ಳಲಿ. ಕಡಿಮೆ ಅಂಕ ಪಡೆದವನಿಗೂ ಅಕಾಡೆಮಿಯ ಬಾಗಿಲು ತೆರೆದಿರಬಹುದು. ಅರ್ಜಿಯನ್ನೇ ಸಲ್ಲಿಸದವನಿಗೆ ಅದು ತೆರೆಯುವುದಿಲ್ಲ.