ಒಲೆ ಹಚ್ಚದ ತಿಂಡಿ

ಶಾಲೆ ಬಿಟ್ಟು ಮನೆಗೆ ಬರುವ ಮಕ್ಕಳ ಹಸಿವಿಗೆ ಕಾಯುವ ಅಭ್ಯಾಸವಿಲ್ಲ. ಪುಸ್ತಕದ ಚೀಲ ಮೂಲೆಗೆ ಬೀಳುವ ಮೊದಲೇ ಕೈ ಡಬ್ಬಿಯ ಮುಚ್ಚಳದ ಮೇಲಿರುತ್ತದೆ. ಮಧ್ಯಾಹ್ನದ ಊಟ ಕರಗಿಹೋಗಿದೆ, ರಾತ್ರಿಯ ಊಟ ಇನ್ನೂ ದೂರವಿದೆ. ಸೌದೆ ಒಲೆಯ ಕಾಲದಲ್ಲಿ ಇದು ಸಣ್ಣ ಸಮಸ್ಯೆಯಾಗಿರಲಿಲ್ಲ. ಸಂಜೆ ನಾಲ್ಕೂವರೆಗೆ ಒಲೆ ತಣ್ಣಗಿರುತ್ತಿತ್ತು. ತಾಯಿ ಹೊಲದಲ್ಲೋ ಹಟ್ಟಿಯಲ್ಲೋ ಇರುತ್ತಿದ್ದಳು. ಮಗುವಿನ ಒಂದು ಹೊತ್ತಿನ ತಿಂಡಿಗಾಗಿ ಸೌದೆ ಒಟ್ಟಿ, ಊದುಗೊಳವೆ ಹಿಡಿದು ಬೆಂಕಿ ಎಬ್ಬಿಸುವುದು ಯಾವ ಮನೆಗೂ ಗಿಟ್ಟುವ ಮಾತಲ್ಲ.

ಕರ್ನಾಟಕದ ಹಳೆಯ ಮನೆತಿಂಡಿಗಳನ್ನು ಈ ತಣ್ಣನೆಯ ಒಲೆಯ ಮುಂದಿಟ್ಟು ನೋಡಿದರೆ ಅವುಗಳ ಜಾಣತನ ತಿಳಿಯುತ್ತದೆ. ಹುರಿಹಿಟ್ಟು, ಅವಲಕ್ಕಿ, ಪುರಿ, ತಂಬಿಟ್ಟು, ಶೇಂಗಾ ಉಂಡೆ ಇವೆಲ್ಲ ಒಂದು ದಿನ ಬೆಂಕಿ ಕಂಡು ಹಲವು ದಿನ ಬೆಂಕಿಯ ಹಂಗಿಲ್ಲದೆ ಹೊಟ್ಟೆ ತುಂಬಿಸುವ ಪದಾರ್ಥಗಳು. ಅವು ಅಗ್ಗವಾಗಿದ್ದುದು ಧಾನ್ಯದ ಬೆಲೆಯಿಂದ ಮಾತ್ರವಲ್ಲ. ಸೌದೆಯೂ ಹೆಂಗಸರ ದುಡಿಮೆಯೂ ಅವುಗಳಲ್ಲಿ ಉಳಿಯುತ್ತಿದ್ದವು. ಬೆಲೆಯ ಲೆಕ್ಕ ಹಾಕುವವರು ಈ ಎರಡನ್ನು ಮರೆಯುವುದೇ ಹೆಚ್ಚು.

ರಾಗಿ ಹುರಿಹಿಟ್ಟನ್ನೇ ತೆಗೆದುಕೊಳ್ಳಿ. ರಾಗಿಗೆ ನೀರು ಚಿಮುಕಿಸಿ, ಅಥವಾ ಕೆಲವು ಮನೆಗಳಲ್ಲಿ ಮಜ್ಜಿಗೆ ಬೆರೆಸಿ, ಕೆಲವು ಗಂಟೆ ಮುಚ್ಚಿಡುತ್ತಾರೆ. ಒದ್ದೆ ಕಾಳು ಚೆನ್ನಾಗಿ ಕಾದ ಬಾಣಲೆಗೋ ಬಿಸಿ ಮರಳಿಗೋ ಬಿದ್ದಾಗ ಒಳಗಿನ ತೇವ ಆವಿಯಾಗಿ ಕಾಳನ್ನು ಸಿಡಿಸುತ್ತದೆ. ಸಣ್ಣ ಬಿಳಿಯ ಅರಳು ಹೊರಬರುತ್ತದೆ. ಆ ಕ್ಷಣದಲ್ಲೇ ಒಳಗಿನ ಪಿಷ್ಟ ಬೆಂದಿರುತ್ತದೆ. ಆದ್ದರಿಂದಲೇ ಮುದ್ದೆಗೆ ಕುದಿಯುವ ನೀರು ಬೇಕು, ಹುರಿಹಿಟ್ಟಿಗೆ ಬೇಡ. ಬೀಸಿಟ್ಟ ಹಿಟ್ಟಿಗೆ ಬೆಲ್ಲ, ಕಾಯಿತುರಿ, ಒಂದಿಷ್ಟು ಹಾಲು ಸೇರಿಸಿ ಕಲಸಿದರೆ ಎಂಟು ವರ್ಷದ ಮಗುವೂ ತನ್ನ ತಿಂಡಿ ತಾನೇ ಮಾಡಿಕೊಂಡಂತೆ. ಹಾಲಿಲ್ಲದ ದಿನ ಮಜ್ಜಿಗೆ, ಉಪ್ಪು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಅವಲಕ್ಕಿಯದೂ ಇದೇ ಕತೆ. ನೆನೆಸಿದ ಭತ್ತವನ್ನು ಹುರಿದು, ಬಿಸಿಯಿರುವಾಗಲೇ ಕುಟ್ಟಿದರೆ ಅಕ್ಕಿ ಚಪ್ಪಟೆಯಾಗುತ್ತದೆ. ಅದಾಗಲೇ ಅರೆಬೆಂದಿರುವುದರಿಂದ ಮುಂದೆ ನೀರು ಸೋಕಿದರೆ ಸಾಕು. ಕರಾವಳಿಯ ಮನೆಗಳಲ್ಲಿ ತೆಳು ಅವಲಕ್ಕಿಗೆ ಕಾಯಿತುರಿ, ಬೆಲ್ಲ ಹಾಕಿ ಕೈಯಲ್ಲೇ ಹಿಸುಕಿ ಕೊಡುತ್ತಾರೆ. ಕಾಯಿಯ ನೀರಿನ ಅಂಶವೇ ಅದನ್ನು ಮೆತ್ತಗಾಗಿಸುತ್ತದೆ.

ಪುರಿಯ ವಿಷಯ ಸ್ವಲ್ಪ ಬೇರೆ. ಮೈಸೂರು ಕಡೆಯ ಕಡಲೆಪುರಿ, ದಾವಣಗೆರೆಯ ಮಂಡಕ್ಕಿ, ಧಾರವಾಡದ ಚುರುಮುರಿ ಎಲ್ಲವೂ ಕುದಿಸಿ ಒಣಗಿಸಿದ ಭತ್ತದ ಅಕ್ಕಿಗೆ ಉಪ್ಪು ಹಿಡಿಸಿ ಕಾದ ಮರಳಿನಲ್ಲಿ ಉಬ್ಬಿಸಿದವು. ಇದು ಭಟ್ಟಿಯ ಕೆಲಸ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳದೇ ಒಂದು ಬಡಾವಣೆ ಇದೆ. ಅಲ್ಲಿ ಹೊಗೆ ಕುಡಿದು ದುಡಿಯುವವರ ಬೆವರೂ ನಮ್ಮ ಪುರಿಯ ಅಗ್ಗದ ಬೆಲೆಯೊಳಗೆ ಸೇರಿದೆ. ಪುರಿ ಅಳತೆಯಲ್ಲಿ ಬಹಳ, ತೂಕದಲ್ಲಿ ಕಡಿಮೆ. ಬರೀ ಪುರಿ ತಿಂದ ಹುಡುಗ ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಡಬ್ಬಿಗೆ ಕೈ ಹಾಕುತ್ತಾನೆ, ತಪ್ಪು ಅವನದಲ್ಲ. ಅದಕ್ಕೇ ಖಾರದ ಪುರಿಗೆ ಹುರಿಗಡಲೆ, ಕಡಲೆಬೀಜ, ಒಂದು ಚಮಚ ಎಣ್ಣೆ ಬೀಳುತ್ತಿತ್ತು. ರುಚಿಗೆಂದು ಹಾಕಿದ್ದಾದರೂ ಲೆಕ್ಕ ಸರಿಯಾಗಿತ್ತು. ಎಣ್ಣೆಕಾಳು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಅಕ್ಕಿಯ ಪ್ರೋಟೀನಿನಲ್ಲಿ ಕಡಿಮೆ ಬೀಳುವ ಲೈಸಿನ್ ಕಡಲೆಯಲ್ಲಿ ಧಾರಾಳವಾಗಿದೆ.

ಈ ಜೋಡಿಯನ್ನು ವಿಜ್ಞಾನವೂ ಒಮ್ಮೆ ಹಿಡಿದಿತ್ತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಪೌಷ್ಟಿಕತೆಯ ಕೊರತೆ ನೀಗಲೆಂದು ‘ಬಹೂಪಯೋಗಿ ಆಹಾರ’ ಎಂಬ ಹಿಟ್ಟೊಂದನ್ನು ರೂಪಿಸಿತು. ಅದರಲ್ಲಿದ್ದದ್ದು ಎಣ್ಣೆ ತೆಗೆದ ಕಡಲೆಬೀಜದ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು, ಜತೆಗೆ ಜೀವಸತ್ವ ಮತ್ತು ಲವಣಗಳು. ಶೇಂಗಾ-ಪುಟಾಣಿ ಉಂಡೆ ಕಟ್ಟುವ ಉತ್ತರ ಕರ್ನಾಟಕದ ಅಜ್ಜಿಯರಿಗೆ ಇದರಲ್ಲಿ ಅಚ್ಚರಿಯೇನೂ ಕಾಣುತ್ತಿರಲಿಲ್ಲ. ‘ಬೆಲ್ಲ ಯಾಕ ಹಾಕಿಲ್ಲ?’ ಎಂದಷ್ಟೇ ಕೇಳಿಯಾರು.

ಬೆಳೆಯುವ ಮಕ್ಕಳ ಹಸಿವನ್ನು ದೊಡ್ಡವರು ಹೊಟ್ಟೆಬಾಕತನ ಎಂದುಕೊಳ್ಳುವುದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ 16ರಿಂದ 18 ವರ್ಷದ ಹುಡುಗನಿಗೆ ದಿನಕ್ಕೆ 3,320 ಕಿಲೊಕ್ಯಾಲೊರಿ ಬೇಕು. ಮಧ್ಯಮ ಪ್ರಮಾಣದ ದೈಹಿಕ ಕೆಲಸ ಮಾಡುವ ಅವನ ಅಪ್ಪನಿಗೆ 2,710 ಸಾಕು. ಅದೇ ವಯಸ್ಸಿನ ಹುಡುಗಿಗೆ 2,500. ಅಂಥದೇ ಕೆಲಸ ಮಾಡುವ ಅವಳ ತಾಯಿಗೆ 2,130. ಅಂದರೆ ಮನೆಯಲ್ಲಿ ಹೆಚ್ಚು ಉಣ್ಣಬೇಕಾದವರು ಮಕ್ಕಳೇ. ಹುಡುಗಿಯ ಲೆಕ್ಕ ಮಾತ್ರ ಎಷ್ಟೋ ಮನೆಗಳಲ್ಲಿ ತಪ್ಪುತ್ತಿತ್ತು. ತಮ್ಮನ ಕೈಗೆ ಉಂಡೆ ಇಟ್ಟು, ಉಳಿದರೆ ತಾನು ತಿನ್ನುವ ಪಾಠ ಅವಳಿಗೆ ಬೇಗ ಬರುತ್ತಿತ್ತು. ಡಬ್ಬಿಯಲ್ಲಿ ಏನಿದೆ ಎಂಬಷ್ಟೇ ಅದು ಯಾರ ಕೈಗೆ ಎಟುಕುತ್ತದೆ ಎಂಬುದೂ ಮುಖ್ಯವಾಗಿತ್ತು.

ಗ್ಯಾಸ್ ಒಲೆ ಬಂದ ಮೇಲೆ ಬೆಂಕಿಗೆ ಕಾಯುವ ಕಷ್ಟ ತಪ್ಪಿತು. ಹೊಗೆಯಿಂದ ಹೆಂಗಸರ ಕಣ್ಣು, ಎದೆ ಉಳಿದವು. ಇದಕ್ಕೆ ಯಾರೂ ಮರುಗಬೇಕಿಲ್ಲ. ಬೆಂಕಿ ಸುಲಭವಾದಂತೆ ಬಿಸಿ ತಿಂಡಿಯೂ ಸುಲಭವಾಯಿತು. 1983ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಎರಡು ನಿಮಿಷದ ನೂಡಲ್ಸ್ ಆ ಜಾಗದಲ್ಲಿ ಕುಳಿತಿತು. ಬಿಸ್ಕತ್ತಂತೂ ಒಲೆಯನ್ನೇ ಕೇಳದೆ ಬಂತು. ಹುರಿಹಿಟ್ಟಿನ ನಿಜವಾದ ಎದುರಾಳಿ ಅದೇ. ಎರಡರಲ್ಲೂ ಮೈದಾ ಮುಂದು, ಬೇಳೆಕಾಳು ಹಿಂದು. ಈ ನಡುವೆ ಹಳೆಯ ರಾಗಿ ಇನ್ನೊಂದು ಬಾಗಿಲಿನಿಂದ ಮಕ್ಕಳ ಬಳಿಗೆ ಮರಳಿದೆ. 2013ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಗಳಲ್ಲಿ ಕೊಡುತ್ತಿದ್ದ ಹಾಲಿಗೆ 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಆದರೆ ಅದು ಶಾಲೆಯ ಹೊತ್ತಿನ ಮಾತು. ಸಂಜೆಯ ಹಸಿವು ಮನೆಗೇ ಬರುತ್ತದೆ.

ಅದಕ್ಕೆ ಶೇಂಗಾ ಉಂಡೆಯಷ್ಟು ಸಲೀಸಾದ ಉತ್ತರ ಬೇರೊಂದಿಲ್ಲ. ಎರಡು ಲೋಟ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ತಣಿದ ಮೇಲೆ ಉಜ್ಜಿ ಸಿಪ್ಪೆ ಕೇರಬೇಕು. ಮುರುಟಿದ, ಬೂಷ್ಟು ಹಿಡಿದ ಕಾಳನ್ನು ಮುಲಾಜಿಲ್ಲದೆ ಎಸೆಯಬೇಕು. ಆ ಬೂಷ್ಟಿನಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷ ಇರಬಹುದು. ಶೇಂಗಾದ ಜತೆ ಅರ್ಧ ಲೋಟ ಪುಟಾಣಿ, ಒಂದು ಲೋಟ ಪುಡಿಬೆಲ್ಲ ಹಾಕಿ ಕುಟ್ಟುತ್ತ ಹೋದರೆ ಶೇಂಗಾ ತನ್ನ ಎಣ್ಣೆ ಬಿಡುತ್ತದೆ. ಪಾಕ ಬೇಡ, ತುಪ್ಪ ಬೇಡ. ಆ ಎಣ್ಣೆಯಲ್ಲೇ ಉಂಡೆ ಕಟ್ಟಲು ಬರುತ್ತದೆ. ಒಣ ಡಬ್ಬಿಯಲ್ಲಿ ವಾರಕ್ಕೂ ಹೆಚ್ಚು ದಿನ ಕೆಡುವುದಿಲ್ಲ, ಅಷ್ಟು ದಿನ ಉಳಿದರೆ.