ಕಸ ಸಾಗಿಸಿದ ಮಾತ್ರಕ್ಕೆ ಹೊಣೆ ತೀರದು: ವರ್ತಕರು ಅರಿಯಬೇಕಾದ ಕಾನೂನು

ಹೆಗ್ಗಡದೇವನಕೋಟೆ: ಅಂಗಡಿ, ಹೋಟೆಲ್, ಕ್ಲಿನಿಕ್ ಅಥವಾ ಗ್ಯಾರೇಜಿನ ಕಸವನ್ನು ಯಾರದೋ ಆಟೋಗೆ ತುಂಬಿ ಕಳುಹಿಸಿದರೆ ಮಾಲೀಕರ ಹೊಣೆ ಅಲ್ಲಿಗೆ ಮುಗಿಯಿತೆಂಬ ಭಾವನೆ ಹಲವರಲ್ಲಿದೆ. ಕಾನೂನು ಹಾಗೆ ಹೇಳುವುದಿಲ್ಲ. ತ್ಯಾಜ್ಯ ಉತ್ಪಾದಿಸುವವರೇ ಅದನ್ನು ವಿಂಗಡಿಸಿ, ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು. ಮಾಲಿನ್ಯ ಉಂಟುಮಾಡಿದವರೇ ಅದರ ವೆಚ್ಚ ಭರಿಸಬೇಕೆಂಬ ತತ್ವವು ದೇಶದ ಕಾನೂನಿನ ಭಾಗವೆಂದು ಸುಪ್ರೀಂ ಕೋರ್ಟ್ 1996ರಲ್ಲಿ, ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ ಸಾರಿತು.

ನಾಗರಹೊಳೆ, ಬಂಡೀಪುರ ಅರಣ್ಯಗಳ ಮಗ್ಗುಲಲ್ಲಿರುವ ಈ ತಾಲ್ಲೂಕಿಗೆ ವಿಷಯ ಇನ್ನಷ್ಟು ಗಂಭೀರವಾದುದು. ಹಳ್ಳಕ್ಕೆ ಸುರಿದ ಕಸ ಮಳೆಗಾಲದಲ್ಲಿ ಕಬಿನಿಯನ್ನು ಸೇರುತ್ತದೆ. ಮೈಸೂರು ನಗರದ ಒಂದು ಭಾಗಕ್ಕೆ ಕುಡಿಯುವ ನೀರು ಒದಗಿಸುವುದೂ ಇದೇ ನದಿ. ಅನ್ನ, ಸಾರು ಅಂಟಿದ ಪ್ಲಾಸ್ಟಿಕ್ ಚೀಲ ದನಕರುಗಳ, ಕಾಡುಪ್ರಾಣಿಗಳ ಹೊಟ್ಟೆ ಸೇರುತ್ತದೆ.

ಅಂಗಡಿ, ಹೋಟೆಲ್, ರೆಸಾರ್ಟ್

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಸ್ಥಾನದಲ್ಲಿ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಇವುಗಳ ಪ್ರಕಾರ ಕಸವನ್ನು ಹಸಿ, ಒಣ, ನೈರ್ಮಲ್ಯ ಮತ್ತು ವಿಶೇಷ ಜಾಗ್ರತೆಯ ತ್ಯಾಜ್ಯವೆಂದು ನಾಲ್ಕು ಬಗೆಯಾಗಿ ವಿಂಗಡಿಸಬೇಕು. ದಿನಕ್ಕೆ 100 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಕಸ ಉಂಟುಮಾಡುವ ಸಂಸ್ಥೆಗಳು ಸಗಟು ಉತ್ಪಾದಕರೆನಿಸುತ್ತವೆ. ಅವು ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲಿಯೇ ಸಂಸ್ಕರಿಸಬೇಕು. ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ ಮುಂತಾದ ಏಕಬಳಕೆಯ ವಸ್ತುಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ.

ಕ್ಲಿನಿಕ್, ಗ್ಯಾರೇಜ್

ಚಿಕ್ಕ ಕ್ಲಿನಿಕ್, ಪ್ರಯೋಗಾಲಯ, ಪಶು ಆಸ್ಪತ್ರೆಗಳಿಗೂ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಅನ್ವಯಿಸುತ್ತವೆ. ಹಳದಿ, ಕೆಂಪು, ಬಿಳಿ, ನೀಲಿ ಎಂಬ ಬಣ್ಣಗಳ ಚೀಲ ಇಲ್ಲವೆ ಡಬ್ಬಿಗಳಲ್ಲಿ ತ್ಯಾಜ್ಯವನ್ನು ಬೇರ್ಪಡಿಸಬೇಕು. ಸೂಜಿ, ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ. ಸಂಸ್ಕರಿಸದ ಮಾನವ ಅಂಗಾಂಶ, ರಕ್ತಸಿಕ್ತ ಬಟ್ಟೆಗಳಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲ. ದಾಖಲೆಗಳನ್ನು ಐದು ವರ್ಷ ಕಾಯ್ದಿಡಬೇಕು. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಅದನ್ನು ಚರಂಡಿಗೆ ಬಿಡದೆ, ಅಧಿಕೃತ ಮರುಬಳಕೆದಾರರಿಗೇ ನೀಡಬೇಕು.

ಗಡಿಯ ಪಾಠ

ಮೈಸೂರು–ಮಾನಂದವಾಡಿ ರಸ್ತೆ ಬಾವಲಿಯಲ್ಲಿ ಕೇರಳವನ್ನು ಸೇರುತ್ತದೆ. ಗಡಿಯಾಚೆಗೆ ಕಸ ಸಾಗಿಸಿದರೆ ಏನಾಗುತ್ತದೆಂಬುದಕ್ಕೆ 2024ರ ಡಿಸೆಂಬರ್‌ನ ತಿರುನೆಲ್ವೇಲಿ ಪ್ರಕರಣವೇ ಸಾಕ್ಷಿ. ಕೇರಳದ ಆಸ್ಪತ್ರೆಗಳ ತ್ಯಾಜ್ಯ ಅಲ್ಲಿನ ಹಳ್ಳಿಗಳಲ್ಲಿ ಪತ್ತೆಯಾದಾಗ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಂತೆ ಕೇರಳವೇ ಲಾರಿಗಳಲ್ಲಿ ಅದನ್ನು ಹಿಂದಕ್ಕೆ ಸಾಗಿಸಬೇಕಾಯಿತು. ಸಾಗಿಸಿದವರು ಬೇರೆಯಾದರೂ ತ್ಯಾಜ್ಯದ ಮೂಲವನ್ನು ಕಾನೂನು ಮರೆಯಲಿಲ್ಲ.

ದಂಡ ಎಷ್ಟು?

1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಹಿಂದೆ ಐದು ವರ್ಷಗಳವರೆಗೆ ಜೈಲುಶಿಕ್ಷೆಗೆ ಅವಕಾಶವಿತ್ತು. 2023ರ ಜನ ವಿಶ್ವಾಸ್ ಕಾಯ್ದೆಯ ತಿದ್ದುಪಡಿ 2024ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ, ಅದರ ಬದಲಿಗೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ಆದರೆ ದಂಡ ಕಟ್ಟದಿದ್ದರೆ ಜೈಲುಶಿಕ್ಷೆಯೂ ಆಗಬಹುದು.

ಆದ್ದರಿಂದ ವರ್ತಕರು ಮೂರು ಅಂಶಗಳನ್ನು ಮರೆಯಬಾರದು: ಕಸವನ್ನು ಮೂಲದಲ್ಲಿಯೇ ವಿಂಗಡಿಸುವುದು, ಒಯ್ಯುವವರ ಅನುಮತಿ ಪತ್ರವನ್ನು ಪರಿಶೀಲಿಸುವುದು, ಪ್ರತಿ ಬಾರಿಯೂ ರಸೀದಿ ಪಡೆಯುವುದು. ನಾಳೆ ಕಾಡಂಚಿನಲ್ಲಿ ಸಿಕ್ಕ ಚೀಲದಲ್ಲಿ ತಮ್ಮ ಅಂಗಡಿಯ ಬಿಲ್ಲು ಕಂಡುಬಂದರೆ, ಕೈಯಲ್ಲಿರುವ ಆ ರಸೀದಿಯೇ ಅವರಿಗೆ ರಕ್ಷೆ.