ಟಿವಿ ಗೋಡೆಗೆ ಹಾಕೋ ಮುಂಚೆ ಗೋಡೆ ನೋಡಿ

ಹೊಸ ಟಿವಿ ಬಂತು, ಗೋಡೆಗೆ ಹಾಕಬೇಕು. ಅರಸೀಕೆರೆ ಸುತ್ತಮುತ್ತ ಹಳೇ ಮಣ್ಣಿನ ಗೋಡೆ ಮನೆಗಳೂ ಇವೆ, ಹೊಸ ಸಿಮೆಂಟ್ ಬ್ಲಾಕ್ ಮನೆಗಳೂ ಇವೆ. ನಿಮ್ಮದು ಯಾವುದು?

ಡ್ರಿಲ್ ಹಾಕಿದಾಗ ಉದುರೋ ಪುಡಿ ನೋಡಿ. ಮೊದಲು ಬರೋದು ಗಾರೆ. ಆಮೇಲೆ ಕೆಂಪಗೆ, ಗಟ್ಟಿಯಾಗಿ ಬಂದ್ರೆ ಇಟ್ಟಿಗೆ. ಬೂದು ಬಣ್ಣ ಬಂದ್ರೆ ಬ್ಲಾಕ್. ಮೆತ್ತಗೆ ಮಣ್ಣು ಸುರಿದ್ರೆ ಅಲ್ಲೇ ನಿಲ್ಲಿಸಿ. ಆ ಗೋಡೆ ಸ್ಕ್ರೂ ಹಿಡಿಯಲ್ಲ, ಟಿವಿಗೆ ಸ್ಟ್ಯಾಂಡೇ ಸರಿ.

ಇಟ್ಟಿಗೆ ಗೋಡೆಯಲ್ಲಿ ಪ್ಲಗ್ ಗಾರೆ ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಬ್ಲಾಕ್ ಟೊಳ್ಳಾಗಿದ್ರೆ ಅದಕ್ಕೆಂದೇ ಸಿಗೋ ಆಂಕರ್ ತನ್ನಿ.

ಟಿವಿ ಹಿಂಭಾಗದ ನಾಲ್ಕು ತೂತುಗಳ ಅಂತರ ಅಳೆಯಿರಿ. 200ಕ್ಕೆ 200 ಮಿಲಿಮೀಟರ್ ಇದ್ರೆ ಬ್ರಾಕೆಟ್‌ಗೂ ಅದೇ ಅಳತೆ ಹೊಂದಬೇಕು. ಟಿವಿಯ ತೂಕ ತಡೆಯುತ್ತಾ ಅಂತಲೂ ನೋಡಿ.

ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ತೂತು ಕೊರೆಯಬೇಡಿ. ಒಳಗೆ ವೈರ್ ಇರಬಹುದು. ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಡ್ರಿಲ್ ಬಳಸಿ.

ಕೂತಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಪರದೆಯ ಮಧ್ಯಭಾಗ ಬರಲಿ. ರಸಮಟ್ಟ ಇಟ್ಟು ಗುರುತು ಹಾಕಿ.

ಬ್ರಾಕೆಟ್ ಕೂರಿಸಿದ ಮೇಲೆ ಎರಡೂ ಕೈಯಲ್ಲಿ ಜಗ್ಗಿ ನೋಡಿ. ಸ್ವಲ್ಪ ಅಲ್ಲಾಡಿದ್ರೂ ಟಿವಿ ಏರಿಸಬೇಡಿ. ಅದರ ಕೆಳಗೆ ಮಕ್ಕಳು ಆಡ್ತಾರೆ!